ಬಿಸಿ ಮಾಡಿದರೆ ಕುಗ್ಗುತ್ತದೆ, ಆದರೆ ಎಷ್ಟು ಡಿಗ್ರಿಗೆ?

ಸಾಮಾನ್ಯವಾಗಿ ವಸ್ತುಗಳು ಬಿಸಿಯಾದರೆ ಹಿಗ್ಗುತ್ತವೆ, ತಣ್ಣಗಾದರೆ ಕುಗ್ಗುತ್ತವೆ. ನಾನು ಪಿಎಚ್‌ಡಿಗೆ ಹಿಡಿದುಕೊಂಡ ವಸ್ತು ಇದಕ್ಕೆ ಪೂರ್ತಿ ಉಲ್ಟಾ. ತಣ್ಣೀರಿನಲ್ಲಿ ಉಬ್ಬಿಕೊಂಡಿರುತ್ತದೆ. ನೀರು 32 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂತು ಅಂದರೆ ಒಳಗಿನ ನೀರನ್ನು ಹೊರಗೆ ತಳ್ಳಿ ಮುದುಡಿಕೊಳ್ಳುತ್ತದೆ. ಮತ್ತೆ ತಣ್ಣಗೆ ಮಾಡಿದರೆ ಮತ್ತೆ ಉಬ್ಬುತ್ತದೆ. ಇದರ ಹೆಸರು ಪಾಲಿ-ಎನ್-ಐಸೊಪ್ರೊಪೈಲ್ ಅಕ್ರಿಲಮೈಡ್. ಇಷ್ಟುದ್ದ ಹೇಳುವ ವ್ಯವಧಾನ ಯಾರಿಗೂ ಇಲ್ಲ. ಲ್ಯಾಬಿನಲ್ಲಿ ಎಲ್ಲರ ಬಾಯಲ್ಲೂ ಅದು ಪಿನಿಪಾಮ್.

ನಾನು ಏನು ಮಾಡುತ್ತೇನೆ ಅಂತ ಹೇಳಿದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ: ಸರಿಯಾಗಿ ಎಷ್ಟು ಡಿಗ್ರಿಗೆ ಕುಗ್ಗುತ್ತೆ? ತುಂಬ ಸುಲಭದ ಪ್ರಶ್ನೆ, ಅಲ್ವಾ? ಒಂದು ಸ್ಯಾಂಪಲ್, ಒಂದು ಥರ್ಮಾಮೀಟರ್, ಒಂದು ಸಂಖ್ಯೆ. ಆ ಸಂಖ್ಯೆಗಾಗಿ ನಾನು ನಾಲ್ಕು ಬಗೆಯ ಉಪಕರಣಗಳ ಮುಂದೆ ಕೂತೆ. ನಾಲ್ಕರ ಉತ್ತರವೂ ಒಂದೇ ಆಗಿರಲಿಲ್ಲ. ಹಾಗಂತ ಯಾವುದೂ ಸುಳ್ಳು ಹೇಳಿರಲಿಲ್ಲ.

ಮೊದಲು ವಸ್ತುವಿನ ಪರಿಚಯ ಆಗಲಿ. ಅದೊಂದು ಪಾಲಿಮರ್, ಅಂದರೆ ಚಿಕ್ಕ ಅಣುಗಳು ಕೊಂಡಿ ಕೊಂಡಿಯಾಗಿ ಸೇರಿ ಆದ ಉದ್ದನೆಯ ಎಳೆ. ಪಿನಿಪಾಮ್ ಎಳೆ ನೀರಿನಲ್ಲಿ ಹೀಗೆ ನಡೆದುಕೊಳ್ಳುತ್ತದೆ ಅಂತ 1968ರಲ್ಲೇ ಹೆಸ್ಕಿನ್ಸ್ ಮತ್ತು ಗಿಲೆಟ್ ವರದಿ ಮಾಡಿದ್ದರು. ಅದು ಬಿಡಿ ಎಳೆಗಳ ಕಥೆ. ಎಳೆಗಳನ್ನು ಅಲ್ಲಲ್ಲಿ ಗಂಟು ಹಾಕಿ ಬಲೆ ಮಾಡಿದರೆ ಅದು ಜೆಲ್. ಜೆಲ್ ಒಂದು ಹಂತದಲ್ಲಿ ಏಕಾಏಕಿ ಕುಸಿಯಬಲ್ಲದು ಅಂತ 1978ರಲ್ಲಿ ತೊಯೊಇಚಿ ತನಾಕಾ ಬೇರೊಂದು ಪಾಲಿಮರ್ ಜೆಲ್ ಇಟ್ಟುಕೊಂಡು ತೋರಿಸಿದರು. ಆ ಬಲೆಯನ್ನು ಒಂದು ಮೈಕ್ರಾನಿಗಿಂತ (ಮಿಲಿಮೀಟರಿನ ಸಾವಿರದ ಒಂದು ಭಾಗ) ಚಿಕ್ಕ ಉಂಡೆಯಾಗಿ ಮಾಡಿದರೆ ಮೈಕ್ರೋಜೆಲ್. ಪಿನಿಪಾಮ್ ಮೈಕ್ರೋಜೆಲ್ ಮಾಡುವ ದಾರಿಯನ್ನು 1986ರಲ್ಲಿ ಪೆಲ್ಟನ್ ಮತ್ತು ಶಿಬಾಂಟೆ ಪ್ರಕಟಿಸಿದರು. ಇವತ್ತಿಗೂ ಬಹುಪಾಲು ಲ್ಯಾಬುಗಳು ಅದೇ ದಾರಿಯಲ್ಲಿ ಚೂರುಪಾರು ಬದಲಾವಣೆ ಮಾಡಿಕೊಂಡು ನಡೆಯುತ್ತವೆ.

ಇಷ್ಟು ಚಿಕ್ಕದು ಯಾಕೆ ಬೇಕು? ವೇಗಕ್ಕೆ. ಜೆಲ್ ಉಬ್ಬಲು ಬೇಕಾದ ಸಮಯ ಅದರ ಅಳತೆಯ ವರ್ಗಕ್ಕೆ ತಕ್ಕಂತೆ ಏರುತ್ತದೆ. ತನಾಕಾ ಮತ್ತು ಫಿಲ್ಮೋರ್ 1979ರಲ್ಲಿ ಬರೆದ ಲೆಕ್ಕ ಇದು. ಒಂದು ಮಿಲಿಮೀಟರ್ ಜೆಲ್ ತುಂಡು ಪೂರ್ತಿ ಉಬ್ಬಿ ಮುಗಿಯಲು ಗಂಟೆಗಟ್ಟಲೆ ಕಾಯಬೇಕು. ಮೈಕ್ರಾನ್ ಒಳಗಿನ ಉಂಡೆಗೆ ಕೆಲವು ಮಿಲಿಸೆಕೆಂಡ್ ಸಾಕು. ಅಂದರೆ ನಾನು ಕಾಯುವುದು ಏನಿದ್ದರೂ ನೀರು ಬಿಸಿಯಾಗುವುದಕ್ಕೆ, ಜೆಲ್ಲಿಗಾಗಿ ಅಲ್ಲ.

ಕುಗ್ಗುವುದಕ್ಕೆ ಕಾರಣ ಅಣುವಿನ ರಚನೆಯಲ್ಲೇ ಇದೆ. ಪ್ರತಿ ಕೊಂಡಿಯಲ್ಲೂ ಒಂದು ಅಮೈಡ್ ಗುಂಪು, ಒಂದು ಐಸೊಪ್ರೊಪೈಲ್ ಗುಂಪು. ಅಮೈಡಿಗೆ ನೀರು ಇಷ್ಟ, ಹೈಡ್ರೋಜನ್ ಬಂಧ ಕಟ್ಟಿಕೊಳ್ಳುತ್ತದೆ. ಐಸೊಪ್ರೊಪೈಲಿಗೆ ನೀರು ಆಗಿಬರುವುದಿಲ್ಲ. ಅದರ ಸುತ್ತ ಇರುವ ನೀರಿನ ಅಣುಗಳು ಬೇಕೆಂದ ಹಾಗೆ ಓಡಾಡಲಾಗದೆ ಒಂದು ಕಟ್ಟುಪಾಡಿನಲ್ಲಿ ನಿಲ್ಲಬೇಕಾಗುತ್ತದೆ. ತಣ್ಣಗಿರುವಾಗ ಇದು ಹೇಗೋ ನಡೆದುಹೋಗುತ್ತದೆ. ತಾಪ ಏರಿದಂತೆ ಈ ಕಟ್ಟುಪಾಡು ದುಬಾರಿಯಾಗುತ್ತದೆ, ಎಂಟ್ರೊಪಿಯ, ಅಂದರೆ ಅಣುಗಳ ಅಂಕೆಯಿಲ್ಲದ ಹರಡಿಕೆಯ, ಕೈ ಮೇಲಾಗುತ್ತದೆ. ನೀರು ಬಿಡಿಸಿಕೊಂಡು ಹೊರಡುತ್ತದೆ, ಎಳೆಗಳು ಒಂದನ್ನೊಂದು ಅಪ್ಪಿಕೊಳ್ಳುತ್ತವೆ.

ತಯಾರಿ ಕೇಳಲು ದೊಡ್ಡದು, ಮಾಡಲು ಅಷ್ಟೇನಲ್ಲ. ನೂರು ಮಿಲಿಲೀಟರ್ ನೀರಿಗೆ ಒಂದೂವರೆ ಗ್ರಾಂ ಮಾನೋಮರ್, ಅಂದರೆ ಎಳೆಯ ಬಿಡಿ ಕೊಂಡಿ. ಎಳೆಗಳಿಗೆ ಗಂಟು ಹಾಕುವ ಕ್ರಾಸ್‌ಲಿಂಕರ್ ಆಗಿ ಬಿಸ್‌ಅಕ್ರಿಲಮೈಡ್, ಮೋಲ್ ಲೆಕ್ಕದಲ್ಲಿ ನೂರಕ್ಕೆ ಐದು, ತೂಕದಲ್ಲಿ ಸುಮಾರು 0.1 ಗ್ರಾಂ. ಸಾಬೂನಿನ ಬಗೆಯ ವಸ್ತುವಾದ ಎಸ್‌ಡಿಎಸ್ ಒಂದು ಚಿಟಿಕೆ. ಎಪ್ಪತ್ತು ಡಿಗ್ರಿಯಲ್ಲಿಟ್ಟು, ಕಲಕುತ್ತಾ, ನೈಟ್ರೋಜನ್ ಹಾಯಿಸಿ ಆಮ್ಲಜನಕ ಓಡಿಸಬೇಕು. ಆಮ್ಲಜನಕ ಉಳಿದರೆ ಅದು ಎಳೆ ಬೆಳೆಯುವುದಕ್ಕೆ ಚಾಲನೆ ಕೊಡುವ ರ‍್ಯಾಡಿಕಲ್‌ಗಳನ್ನು ನುಂಗಿ ಕ್ರಿಯೆಯನ್ನೇ ಶುರುವಾಗಲು ಬಿಡುವುದಿಲ್ಲ. ಕೊನೆಗೆ ಕ್ರಿಯೆ ಶುರು ಮಾಡುವ ಇನಿಶಿಯೇಟರ್, ಪೊಟ್ಯಾಸಿಯಂ ಪರ್ಸಲ್ಫೇಟ್ ದ್ರಾವಣವನ್ನು ಒಂದೇ ಸಲಕ್ಕೆ ಚುಚ್ಚಬೇಕು. ಮಾನೋಮರ್ ಮತ್ತು ಕ್ರಾಸ್‌ಲಿಂಕರ್ ಎರಡೂ ಅಕ್ರಿಲಮೈಡ್ ಬಳಗದವು, ವಿಷ. ಗ್ಲೌಸ್ ಇಲ್ಲದೆ, ಫ್ಯೂಮ್ ಹುಡ್ ಬಿಟ್ಟು ಮುಟ್ಟುವ ಹಾಗಿಲ್ಲ.

ಚುಚ್ಚಿದ ಕೆಲವೇ ನಿಮಿಷದಲ್ಲಿ ತಿಳಿಯಾಗಿದ್ದ ನೀರಿಗೆ ಒಂದು ತೆಳು ನೀಲಿ ಛಾಯೆ ಬರುತ್ತದೆ. ನೋಡುತ್ತಿದ್ದಂತೆ ಬಿಳಿಯಾಗುತ್ತದೆ. ಎಪ್ಪತ್ತು ಡಿಗ್ರಿಯಲ್ಲಿ ಬೆಳೆಯುತ್ತಿರುವ ಎಳೆಗೆ ನೀರಿನಲ್ಲಿ ಕರಗಿರಲು ಆಗುವುದಿಲ್ಲ. ಸ್ವಲ್ಪ ಉದ್ದವಾದ ಕೂಡಲೇ ಮುದುಡಿ ಕಣವಾಗುತ್ತದೆ, ಕಣಗಳು ಸೇರಿ ದೊಡ್ಡದಾಗುತ್ತವೆ. ಇನಿಶಿಯೇಟರಿನಿಂದ ಬಂದ ಸಲ್ಫೇಟ್ ಗುಂಪುಗಳ ಋಣ ಚಾರ್ಜು ಒಂದು ಹಂತದಲ್ಲಿ ಅವುಗಳನ್ನು ದೂರ ದೂರ ನಿಲ್ಲಿಸುತ್ತದೆ. ಎಸ್‌ಡಿಎಸ್ ಜಾಸ್ತಿ ಹಾಕಿದಷ್ಟೂ ಕಣ ಚಿಕ್ಕದು, ಯಾಕೆಂದರೆ ಅವು ಬೇಗನೆ ಜೋಡಣೆ ನಿಲ್ಲಿಸುತ್ತವೆ.

ಇಲ್ಲಿ ಒಂದು ಸಂಗತಿ ಮುಂದೆ ಬೇಕಾಗುತ್ತದೆ. ಕ್ರಾಸ್‌ಲಿಂಕರ್ ಮಾನೋಮರಿಗಿಂತ ಬೇಗ ಖರ್ಚಾಗುತ್ತದೆ. ಹಾಗಾಗಿ ಕಣದ ನಡುಭಾಗದಲ್ಲಿ ಗಂಟುಗಳು ಒತ್ತೊತ್ತಾಗಿ, ಹೊರಗೆ ಹೋದಂತೆ ವಿರಳವಾಗಿ ಇರುತ್ತವೆ. ನುಣುಪಾದ ಗೋಲಿ ಅಲ್ಲ ಅದು, ಅಂಚೆಲ್ಲ ಕೆದರಿದ ಉಣ್ಣೆಯ ಉಂಡೆ. ನ್ಯೂಟ್ರಾನ್ ಚದುರಿಕೆಯ ಪ್ರಯೋಗಗಳಲ್ಲಿ ಇದು ಸ್ಪಷ್ಟವಾಗಿ ಕಂಡಿದೆ.

ತೊಳೆಯುವ ಕೆಲಸ ಮಾತ್ರ ಬೇಸರದ್ದು. ಚಿಕ್ಕ ಅಣುಗಳನ್ನಷ್ಟೇ ಹೊರಗೆ ಬಿಡುವ ಡಯಾಲಿಸಿಸ್ ಚೀಲದಲ್ಲಿ ತುಂಬಿ, ದಿನದಿನವೂ ನೀರು ಬದಲಿಸುತ್ತಾ, ಹೊರಗಿನ ನೀರಿನ ವಾಹಕತೆ ಶುದ್ಧ ನೀರಿನ ಮಟ್ಟಕ್ಕೆ ಇಳಿಯುವ ತನಕ ಬಿಡಬೇಕು. ಅದಾದ ಮೇಲೆ ಸೆಂಟ್ರಿಫ್ಯೂಜ್. ಇದನ್ನು ಬಿಟ್ಟು ಮುಂದೆ ಹೋಗಬಾರದು ಅನ್ನುವುದಕ್ಕೆ ಕಾರಣವಿದೆ. ಬಲೆಗೆ ಸೇರದ ಬಿಡಿ ಎಳೆಗಳು ದ್ರಾವಣದಲ್ಲಿ ಉಳಿದಿರುತ್ತವೆ, ಅವೂ 32 ಡಿಗ್ರಿ ಹತ್ತಿರವೇ ಮುದುಡುತ್ತವೆ. ಅವನ್ನು ತೆಗೆಯದಿದ್ದರೆ ಮುಂದೆ ಕಾಣುವ ಬದಲಾವಣೆ ಯಾರದ್ದು ಅಂತಲೇ ಗೊತ್ತಾಗುವುದಿಲ್ಲ. ಬೇಸರದ ನಡುವೆ ಒಂದು ಸಂತೋಷ ಇದೆ: ಸೆಂಟ್ರಿಫ್ಯೂಜ್ ಟ್ಯೂಬಿನ ತಳದಲ್ಲಿ ಒತ್ತಾಗಿ ಕೂತ ಮೈಕ್ರೋಜೆಲ್ಲನ್ನು ಬೆಳಕಿಗೆ ಹಿಡಿದರೆ ಹಸಿರು, ಕೆಂಪು ಹೊಳೆಯುತ್ತದೆ. ಬಣ್ಣ ಏನೂ ಹಾಕಿಲ್ಲ. ಒಂದೇ ಅಳತೆಯ ಕಣಗಳು ಸಾಲಾಗಿ ಜೋಡಿಸಿಕೊಂಡು ಬೆಳಕನ್ನು ಹೀಗೆ ಒಡೆಯುತ್ತವೆ. ಈ ಹೊಳಪು ಕಂಡರೆ ಬ್ಯಾಚ್ ಚೆನ್ನಾಗಿ ಬಂದಿದೆ ಅಂತ ನಾನು ಅರ್ಧ ನಂಬಿಬಿಡುತ್ತೇನೆ.

ಮೊದಲು ಕೂತಿದ್ದು ದ್ರಾವಣವನ್ನು ಎಷ್ಟು ಬೆಳಕು ದಾಟುತ್ತದೆ ಅಂತ ಅಳೆಯುವ ಯುವಿ-ವಿಸಿಬಲ್ ಸ್ಪೆಕ್ಟ್ರೋಮೀಟರ್ ಮುಂದೆ. ಅದು ಎಲ್ಲಕ್ಕಿಂತ ಸುಲಭ. ಕ್ಯುವೆಟ್ ಅನ್ನುವ ಪುಟ್ಟ ಪಾರದರ್ಶಕ ಡಬ್ಬಿಯಲ್ಲಿ ತೆಳುವಾದ ದ್ರಾವಣ, 600 ನ್ಯಾನೋಮೀಟರ್ ಬೆಳಕು, ತಾಪ ಮೆಲ್ಲಗೆ ಏರಿಸುವುದು. ಯಂತ್ರ ಪರದೆಯ ಮೇಲೆ 'ಅಬ್ಸಾರ್ಬೆನ್ಸ್' ಅಂತ ಬರೆಯುತ್ತದೆ. ನಂಬಬೇಡಿ. ಪಿನಿಪಾಮ್ ಆ ಬೆಳಕನ್ನು ಹೀರುವುದೇ ಇಲ್ಲ. ಬೆಳಕು ಪಕ್ಕಕ್ಕೆ ಚದುರಿ ಡಿಟೆಕ್ಟರಿಗೆ ತಲುಪದೆ ಹೋಗುತ್ತದೆ, ಯಂತ್ರ ಅದನ್ನು ಹೀರಿಕೆ ಅಂತ ಲೆಕ್ಕ ಹಾಕುತ್ತದೆ. ನಮಗೆ ಬೇಕಾಗಿರುವುದು ಅದೇ, ಎಷ್ಟು ಮಬ್ಬಾಯಿತು ಅನ್ನುವುದು.

25 ಡಿಗ್ರಿಯಲ್ಲಿ ಹೆಚ್ಚುಕಡಿಮೆ ತಿಳಿ. ಮೂವತ್ತು ದಾಟಿದಂತೆ ಮಬ್ಬು ಏರತೊಡಗಿತು, 34ರ ಹೊತ್ತಿಗೆ ಕಡಿದಾಗಿ ಏರಿತು, ಆಮೇಲೆ ಸಮತಟ್ಟಾಯಿತು. ಗ್ರಾಫ್ ಚಂದ ಇತ್ತು. ಅದರ ನಡುಬಿಂದು ಹಿಡಿದು ಸಂಖ್ಯೆ ಬರೆದುಕೊಂಡರೆ ಮುಗಿಯಿತು ಅನಿಸುವಷ್ಟು ಚಂದ.

ಆದರೆ ಒಂದು ಪ್ರಶ್ನೆ ಕೊರೆಯುತ್ತಿತ್ತು. ಕಣ ಚಿಕ್ಕದಾದರೆ ಮಬ್ಬು ಯಾಕೆ ಹೆಚ್ಚಬೇಕು? ಚಿಕ್ಕ ಕಣ ಕಡಿಮೆ ಬೆಳಕು ಚದುರಿಸಬೇಕಲ್ಲ? ತಟ್ಟನೆ ಸಿಗುವ ಉತ್ತರ, ಕುಗ್ಗಿದ ಕಣ ಹೆಚ್ಚು ಸಾಂದ್ರ, ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅದರ ವಕ್ರೀಭವನ ಸೂಚ್ಯಂಕ ನೀರಿನದ್ದಕ್ಕಿಂತ ದೂರ ಸರಿಯುತ್ತದೆ, ಅದಕ್ಕೇ ಜಾಸ್ತಿ ಚದುರುತ್ತದೆ ಅಂತ. ಎಲ್ಲರೂ ಹೀಗೇ ಹೇಳುತ್ತಾರೆ, ಅದು ಅರ್ಧ ಮಾತ್ರ. ಲೆಕ್ಕ ಹಾಕಿ ನೋಡಿದರೆ, ಕಣದೊಳಗಿನ ಪಾಲಿಮರ್ ಎಷ್ಟಿತ್ತೋ ಅಷ್ಟೇ ಇದೆ. ಗಾತ್ರ ಕುಗ್ಗಿದ್ದರಿಂದ ಆದ ನಷ್ಟವನ್ನು ಸಾಂದ್ರತೆ ಹೆಚ್ಚಿದ ಲಾಭ ಸರಿದೂಗಿಸುತ್ತದೆ. ನೇರ ಮುಂದಕ್ಕೆ ಚದುರುವ ಬೆಳಕು ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಬದಲಾಗುವುದು ಕೋನ. ದೊಡ್ಡ ಕಣ ಬೆಳಕನ್ನು ಮುಂದಿನ ಕಿರಿದಾದ ಕೋನಕ್ಕಷ್ಟೇ ಚದುರಿಸುತ್ತದೆ, ಚಿಕ್ಕದು ಅಗಲಕ್ಕೆ ಹರಡುತ್ತದೆ. ಒಟ್ಟು ಸೇರಿಸಿದಾಗ ಮಬ್ಬು ಹೆಚ್ಚು. ನನ್ನ ಕಣಗಳ ಅಳತೆಗೆ ಇದು ಸ್ಥೂಲವಾಗಿ ತ್ರಿಜ್ಯದ ವರ್ಗಕ್ಕೆ ವಿಲೋಮವಾಗಿ ಏರುತ್ತದೆ. ಈ ಒಂದು ಸಾಲು ಮುಂದೆ ಎಲ್ಲ ಗೊಂದಲಕ್ಕೂ ಕೀಲಿಯಾಯಿತು.

ಎರಡನೆಯದು ಡಿಎಲ್‌ಎಸ್, ಡೈನಮಿಕ್ ಲೈಟ್ ಸ್ಕ್ಯಾಟರಿಂಗ್. ಫೋಟಾನ್ ಕೋರಿಲೇಶನ್ ಸ್ಪೆಕ್ಟ್ರೋಸ್ಕೋಪಿ ಅನ್ನುವ ಹಳೆಯ ಹೆಸರೂ ಇದೆ. ನನ್ನ ಹೆಚ್ಚಿನ ಸಮಯ ಕಳೆದದ್ದು ಇಲ್ಲೇ.

ತತ್ವ ಹೀಗೆ. 633 ನ್ಯಾನೋಮೀಟರ್ ಕೆಂಪು ಲೇಸರನ್ನು ಸ್ಯಾಂಪಲ್ ಮೂಲಕ ಹಾಯಿಸುತ್ತೇವೆ. ಕಣಗಳು ನೀರಿನ ಅಣುಗಳ ಹೊಡೆತಕ್ಕೆ ಅತ್ತಿತ್ತ ಓಲಾಡುತ್ತಿರುತ್ತವೆ. ಅದರಿಂದಾಗಿ ಚದುರಿದ ಬೆಳಕು ಮಿನುಗುತ್ತದೆ. ಈ ಕ್ಷಣದ ಬೆಳಕಿಗೂ ಸ್ವಲ್ಪ ಹೊತ್ತು ಬಿಟ್ಟು ಬಂದ ಬೆಳಕಿಗೂ ಎಷ್ಟು ಹೋಲಿಕೆ ಉಳಿದಿದೆ ಅಂತ ಯಂತ್ರ ಲೆಕ್ಕ ಹಾಕುತ್ತದೆ. ಚಿಕ್ಕ ಕಣ ಚುರುಕು, ಹೋಲಿಕೆ ಬೇಗ ಅಳಿಯುತ್ತದೆ. ದೊಡ್ಡದು ನಿಧಾನ. ಅಳಿಯುವ ವೇಗದಿಂದ ಡಿಫ್ಯೂಶನ್ ಗುಣಾಂಕ, ಅಂದರೆ ಕಣ ಎಷ್ಟು ಬೇಗ ಹರಡುತ್ತದೆ ಅನ್ನುವ ಅಂಕಿ, ಅದರಿಂದ ಐನ್‌ಸ್ಟೈನ್ ಮತ್ತು ಸ್ಟೋಕ್ಸ್ ಸೂತ್ರ ಹಿಡಿದು ತ್ರಿಜ್ಯ.

20 ಡಿಗ್ರಿಯಲ್ಲಿ ನನ್ನ ಕಣಗಳ ತ್ರಿಜ್ಯ ಸುಮಾರು 300 ನ್ಯಾನೋಮೀಟರ್ ಬಂತು. 45ರಲ್ಲಿ ಸುಮಾರು 150. ತ್ರಿಜ್ಯ ಅರ್ಧ ಅಂದರೆ ಗಾತ್ರ ಎಂಟನೇ ಒಂದು ಭಾಗ. ಹೋಲಿಕೆ ಅಳಿಯುವ ಸಮಯ ಎರಡು ಮಿಲಿಸೆಕೆಂಡಿನಿಂದ ಅರ್ಧ ಮಿಲಿಸೆಕೆಂಡಿಗೆ ಇಳಿದಿತ್ತು. ಹತ್ತಿರ ಹತ್ತಿರ ನಾಲ್ಕು ಪಟ್ಟು ಚುರುಕು! ಇದನ್ನು ನೋಡಿ ಕಣ ನಾಲ್ಕು ಪಟ್ಟು ಚಿಕ್ಕದಾಯಿತು ಅಂದುಕೊಳ್ಳುವ ಹಾಗಿಲ್ಲ. ಎರಡು ಪಟ್ಟು ಕಣ ಕುಗ್ಗಿದ್ದರಿಂದ. ಉಳಿದದ್ದು ಬಹುಪಾಲು ನೀರಿನದ್ದು. ನೀರಿನ ಸ್ನಿಗ್ಧತೆ, ಅಂದರೆ ಹರಿಯಲು ಅದು ಒಡ್ಡುವ ತಡೆ, 20 ಡಿಗ್ರಿಯಲ್ಲಿ 1.00 ಮಿಲಿಪಾಸ್ಕಲ್ ಸೆಕೆಂಡ್, 45ರಲ್ಲಿ 0.60. ಬಿಸಿನೀರು ತೆಳು, ಅದರಲ್ಲಿ ಯಾವ ಕಣವಾದರೂ ಚುರುಕಾಗಿಯೇ ಓಡಾಡುತ್ತದೆ.

ಹಾಗಾಗಿ ಡಿಎಲ್‌ಎಸ್‌ನಲ್ಲಿ ತಾಪಮಾನ ಅನ್ನುವುದು ಎರಡು ಕಡೆ ಕೂತಿರುತ್ತದೆ. ಕಣವನ್ನೂ ಬದಲಿಸುತ್ತದೆ, ಅಳೆಯುವ ಕೋಲನ್ನೂ ಬದಲಿಸುತ್ತದೆ. ಒಂದು ಡಿಗ್ರಿ ತಪ್ಪಾದರೆ ಸ್ನಿಗ್ಧತೆ ನೂರಕ್ಕೆ ಎರಡರಷ್ಟು ತಪ್ಪುತ್ತದೆ, ತ್ರಿಜ್ಯವೂ ಅಷ್ಟೇ ತಪ್ಪುತ್ತದೆ. ಬೇರೆ ಸ್ಯಾಂಪಲ್ಲಿಗೆ ಇದು ಲೆಕ್ಕಕ್ಕಿಲ್ಲದ ವಿಷಯ. 32 ಡಿಗ್ರಿಯ ಆಸುಪಾಸಿನ ಪಿನಿಪಾಮಿಗೆ ಅರ್ಧ ಡಿಗ್ರಿಯೂ ದೊಡ್ಡದೇ. ಪರದೆ ತೋರಿಸುವ ತಾಪ ಲೋಹದ ಬ್ಲಾಕಿನದ್ದು, ಒಳಗಿನ ನೀರಿನದ್ದಲ್ಲ. ನಮ್ಮ ಲ್ಯಾಬಿನ ಸೀನಿಯರ್ ಒಬ್ಬರು ಇದಕ್ಕೆ ಒಂದು ಉಪಾಯ ಹೇಳಿಕೊಟ್ಟರು. ಇನ್ನೊಂದು ಕ್ಯುವೆಟ್ಟಿಗೆ ಬರೀ ನೀರು ತುಂಬಿ, ಕೂದಲಿನಷ್ಟು ತೆಳ್ಳಗಿನ ಥರ್ಮೋಕಪಲ್ ಇಳಿಸಿ, ಪ್ರತಿ ಮೆಟ್ಟಿಲಿಗೂ ನಿಜವಾದ ತಾಪ ಬರೆದಿಟ್ಟುಕೊಳ್ಳುವುದು. "ಪರದೆ ನೋಡಿ ಬರೀಬೇಡ, ನೀರನ್ನೇ ಕೇಳು" ಅಂದರು. ಅವರ ಮಾತು ಕೇಳಿ ಒಂದು ತಿದ್ದುಪಡಿ ಪಟ್ಟಿ ಮಾಡಿಕೊಂಡೆ, ಕೊನೆಯ ತನಕ ಅದನ್ನೇ ಬಳಸಿದೆ. ಪ್ರತಿ ಮೆಟ್ಟಿಲಲ್ಲೂ ಹತ್ತು ನಿಮಿಷ ಸುಮ್ನೆ ಕಾಯುವುದೂ ಆಗಲೇ ರೂಢಿಯಾಯಿತು.

ಇನ್ನು ಧೂಳು. ಚದುರುವ ಬೆಳಕು ಕಣ ದೊಡ್ಡದಾದಂತೆ ಭಯಂಕರವಾಗಿ ಏರುತ್ತದೆ. ಒಂದೇ ಒಂದು ಧೂಳಿನ ತುಣುಕು ಲೇಸರ್ ದಾರಿಯಲ್ಲಿ ತೇಲಿ ಹೋದರೆ ಸಾಕು, ಹೋಲಿಕೆಯ ಕರ್ವ್‌ನ ಕೊನೆ ನೆಲಕ್ಕೆ ಇಳಿಯುವುದೇ ಇಲ್ಲ, ಬಾಲ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ದ್ರಾವಣ ತೆಳು ಮಾಡಲು ಬಳಸುವ ನೀರನ್ನು 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಬೇಕು. ಮೈಕ್ರೋಜೆಲ್ ದ್ರಾವಣಕ್ಕೆ ಅಷ್ಟು ಸಣ್ಣ ಫಿಲ್ಟರ್ ಆಗದು. ಮೆತ್ತಗಿನ ಕಣಗಳು ತಮಗಿಂತ ಚಿಕ್ಕ ರಂಧ್ರದಲ್ಲೂ ಹಿಂಡಿಕೊಂಡು ನುಸುಳುತ್ತವೆ, ಕೆಲವು ಸಿಕ್ಕಿಹಾಕಿಕೊಳ್ಳುತ್ತವೆ, ಉಳಿದದ್ದು ಎಷ್ಟು ಅಂತ ಗೊತ್ತಾಗುವುದಿಲ್ಲ. ನಾನು ಒಂದು ಮೈಕ್ರಾನಿಗಿಂತ ದೊಡ್ಡ ರಂಧ್ರದ ಫಿಲ್ಟರ್ ಬಳಸಿದೆ. ದ್ರಾವಣವೂ ಬಹಳ ತೆಳು ಇರಬೇಕು. ಇಲ್ಲದಿದ್ದರೆ ಒಂದು ಕಣ ಚದುರಿಸಿದ ಬೆಳಕನ್ನು ಇನ್ನೊಂದು ಮತ್ತೆ ಚದುರಿಸುತ್ತದೆ. ತಣ್ಣಗಿರುವಾಗ ತಿಳಿಯಾಗಿ ಕಾಣುವ ಸ್ಯಾಂಪಲ್ ಬಿಸಿಯಾದಾಗ ಮಬ್ಬಾಗುತ್ತದಲ್ಲ, ಬಿಸಿ ಸ್ಥಿತಿಯನ್ನು ನೋಡಿಯೇ ತೆಳು ಮಾಡಬೇಕು.

ಇನ್ನೊಂದು ವಿಚಿತ್ರ ಬಗ್ಗೆ ಹೇಳಲೇಬೇಕು. ನಮ್ಮ ಯಂತ್ರ 173 ಡಿಗ್ರಿ ಕೋನದಲ್ಲಿ, ಅಂದರೆ ಹೆಚ್ಚುಕಡಿಮೆ ಹಿಂದಕ್ಕೆ ಬರುವ ಬೆಳಕನ್ನು ನೋಡುತ್ತದೆ. ಬಿಸಿ ಮಾಡುತ್ತಾ ಹೋದಾಗ ಕೌಂಟ್ ರೇಟ್, ಅಂದರೆ ಡಿಟೆಕ್ಟರಿಗೆ ಬೀಳುವ ಬೆಳಕಿನ ಲೆಕ್ಕ, ಒಂದು ಕಡೆ ಇದ್ದಕ್ಕಿದ್ದಂತೆ ಬಿತ್ತು. ಸ್ಯಾಂಪಲ್ ಒಟ್ಟುಗೂಡಿ ತಳಕ್ಕೆ ಇಳಿಯಿತೇನೋ ಅನ್ನುವ ಅನುಮಾನ ಬಂತು. ಮತ್ತೆ ತಣ್ಣಗೆ ಮಾಡಿದರೆ ಎಲ್ಲ ಮೊದಲಿನ ಹಾಗೆಯೇ. ಲೆಕ್ಕ ಹಾಕಿದ ಮೇಲೆ ಅರ್ಥವಾಯಿತು. ಗೋಲಾಕಾರದ ಕಣದ ಬೇರೆ ಬೇರೆ ಭಾಗದಿಂದ ಬರುವ ಬೆಳಕು ಕೆಲವು ಕೋನದಲ್ಲಿ ಒಂದನ್ನೊಂದು ಅಳಿಸಿಹಾಕುತ್ತದೆ. ಕೆಂಪು ಲೇಸರ್, ನೀರು, 173 ಡಿಗ್ರಿ, ಈ ಮೂರಕ್ಕೆ ಆ ಅಳಿಸುವಿಕೆ ಬರುವುದು ಸುಮಾರು 170 ನ್ಯಾನೋಮೀಟರ್ ತ್ರಿಜ್ಯದಲ್ಲಿ. ನನ್ನ ಕಣ ಕುಗ್ಗುವ ದಾರಿಯಲ್ಲೇ ಆ ಗುಂಡಿ ಇತ್ತು. ಆ ಜಾಗದ ಅಳತೆಗಳನ್ನು 90 ಡಿಗ್ರಿ ಕೋನದ ಇನ್ನೊಂದು ಉಪಕರಣದಲ್ಲಿ ಮತ್ತೆ ತೆಗೆದು ತಾಳೆ ನೋಡಿದೆ. ಮೈಕ್ರೋಜೆಲ್ ಮೇಲೆ ಕೆಲಸ ಮಾಡುವವರು ಒಂದೇ ಕೋನವನ್ನು ನೆಚ್ಚಿಕೊಳ್ಳಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈಗ ಎರಡು ಗ್ರಾಫುಗಳು ಕೈಯಲ್ಲಿದ್ದವು. ಒಂದರ ಮೇಲೊಂದು ಇಟ್ಟರೆ ಹೊಂದಲಿಲ್ಲ. ಡಿಎಲ್‌ಎಸ್ ತ್ರಿಜ್ಯದ ನಡುಬಿಂದು ಮಬ್ಬಿನ ನಡುಬಿಂದುವಿಗಿಂತ ಕೆಳಗಿತ್ತು. ಒಂದೇ ಬ್ಯಾಚ್, ಒಂದೇ ತಿದ್ದುಪಡಿ ಪಟ್ಟಿ. ಬಿಸಿ ಮಾಡುವ ವೇಗ ಕಾರಣವಿರಬಹುದು ಅಂತ ಎರಡನ್ನೂ ಮೆಟ್ಟಿಲು ಮೆಟ್ಟಿಲಾಗಿ, ಕಾದು ಕಾದು ಮತ್ತೆ ತೆಗೆದೆ. ಏರಿಸುವಾಗಿನ ಮತ್ತು ಇಳಿಸುವಾಗಿನ ಗೆರೆಗಳು ಒಂದರ ಮೇಲೊಂದು ಬಂದವು. ತ್ರಿಜ್ಯದ ಮತ್ತು ಮಬ್ಬಿನ ನಡುಬಿಂದುಗಳ ಅಂತರ ಮಾತ್ರ ಹಾಗೇ ಉಳಿಯಿತು.

ಉತ್ತರ ಸಿಕ್ಕಿದ್ದು ಕಾಗದದ ಮೇಲೆ. ತ್ರಿಜ್ಯ 300ರಿಂದ 150ಕ್ಕೆ ಇಳಿಯುತ್ತದೆ ಅಂದರೆ ಅದರ ನಡುಬಿಂದು 225. ಸರಿ. ಗಾತ್ರದ ನಡುಬಿಂದು ಎಲ್ಲಿ? ತ್ರಿಜ್ಯದ ಘನ ತೆಗೆದು ಲೆಕ್ಕ ಹಾಕಿದರೆ, ಗಾತ್ರದ ಅರ್ಧ ನಷ್ಟ ತ್ರಿಜ್ಯ ಸುಮಾರು 248 ಇರುವಾಗಲೇ ಆಗಿಹೋಗಿರುತ್ತದೆ. ಅಂದರೆ ಇನ್ನೂ ತಣ್ಣಗಿರುವಾಗ. ಮಬ್ಬಿನದ್ದು? ಅದು ವರ್ಗದ ವಿಲೋಮ ಅಂದೆನಲ್ಲ, ಒಂದರಿಂದ ನಾಲ್ಕಕ್ಕೆ ಏರುತ್ತದೆ, ನಡುವೆ ಎರಡೂವರೆ. ಅದು ಬರುವುದು ತ್ರಿಜ್ಯ ಸುಮಾರು 190 ಆದಾಗ. ಅಂದರೆ ಇನ್ನೂ ಬಿಸಿಯಾದ ಮೇಲೆ. ಮೂರು ನಡುಬಿಂದು, ಮೂರು ತಾಪ, ಕುಗ್ಗಿದ ಕಣ ಒಂದೇ. ಏನನ್ನು ಗೆರೆ ಎಳೆದಿದ್ದೇವೆ ಅನ್ನುವುದರ ಮೇಲೆ ಉತ್ತರ ಸರಿಯುತ್ತದೆ. ಬಲೆಯ ಕಣ್ಣುಗಳೆಲ್ಲ ಒಂದೇ ಅಳತೆಯವಲ್ಲದ ಕಾರಣ ಮೈಕ್ರೋಜೆಲ್ಲಿನ ಕುಸಿತ ಬಿಡಿ ಎಳೆಯಷ್ಟು ಕಡಿದಾಗಿರುವುದಿಲ್ಲ, ಹಲವು ಡಿಗ್ರಿಗಳ ಉದ್ದಕ್ಕೆ ಹರಡಿರುತ್ತದೆ. ಆ ಹರವಿನಿಂದಲೇ ಈ ವ್ಯತ್ಯಾಸ ಕಣ್ಣಿಗೆ ಬೀಳುವಷ್ಟು ದೊಡ್ಡದಾಗುತ್ತದೆ.

ಇಲ್ಲಿಯವರೆಗೂ ನೋಡಿದ್ದು ಕಣದ ಹೊರಗಿನ ಅಳತೆ. ಒಳಗೆ ನೀರಿಗೂ ಅಮೈಡಿಗೂ ಏನು ನಡೆಯುತ್ತಿದೆ ಅಂತ ತಿಳಿಯಲು ಇನ್‌ಫ್ರಾರೆಡ್ ಬೇಕು. ಬಂಧಗಳು ತಾವು ಅದುರುವ ತರಂಗಸಂಖ್ಯೆಯಲ್ಲಿ ಈ ಬೆಳಕನ್ನು ಹೀರಿ ಒಂದು ಪಟ್ಟಿ ಮೂಡಿಸುತ್ತವೆ. ಅಮೈಡಿನ ಇಂಗಾಲ-ಆಮ್ಲಜನಕ ಬಂಧ ಅದುರುವ ತರಂಗಸಂಖ್ಯೆ ಸೆಂಟಿಮೀಟರಿಗೆ 1600ರ ಚಿಲ್ಲರೆ. ಹೈಡ್ರೋಜನ್ ಬಂಧ ಯಾರ ಜೊತೆ, ಎಷ್ಟು ಬಿಗಿ ಅನ್ನುವುದಕ್ಕೆ ತಕ್ಕಂತೆ ಅದು ಸರಿಯುತ್ತದೆ. ತೊಂದರೆ ಏನೆಂದರೆ ಸಾಮಾನ್ಯ ನೀರಿನ ಅಣು ಬಾಗುವ ಪಟ್ಟಿಯೂ 1640ರ ಹತ್ತಿರವೇ ಕೂತಿದೆ. ಎಲ್ಲವನ್ನೂ ಮುಚ್ಚಿಬಿಡುತ್ತದೆ. ಅದಕ್ಕೆ ಹೈಡ್ರೋಜನ್ ಬದಲು ಅದರ ಭಾರದ ರೂಪವಾದ ಡ್ಯುಟೀರಿಯಂ ಇರುವ ಭಾರಜಲ ಬಳಸಬೇಕು. ಅದರ ಪಟ್ಟಿ 1210ರ ಕಡೆಗೆ ಸರಿದು ದಾರಿ ಬಿಡುತ್ತದೆ. ಕ್ಯಾಲ್ಸಿಯಂ ಫ್ಲೋರೈಡಿನ ಎರಡು ಕಿಟಕಿಗಳ ನಡುವೆ ತೆಳು ಪದರವಾಗಿ ಸ್ಯಾಂಪಲ್ ಹರಡಿ ಅಳೆದೆ.

ತಣ್ಣಗಿದ್ದಾಗ 1625ರಲ್ಲಿ ಒಂದೇ ಪಟ್ಟಿ. ಇದು ನೀರಿನ ಜೊತೆ ಬಂಧ ಕಟ್ಟಿಕೊಂಡ ಅಮೈಡ್. ಬಿಸಿ ಏರಿದಂತೆ ಅದರ ಬದಿಗೆ 1650ರಲ್ಲಿ ಒಂದು ಭುಜ ಎದ್ದಿತು. ಇದು ನೀರು ಬಿಟ್ಟು ಪಕ್ಕದ ಅಮೈಡಿನ ಜೊತೆಯೇ ಬಂಧ ಕಟ್ಟಿಕೊಂಡಿದ್ದು. ಇಲ್ಲಿ ನನಗೆ ನಿಜಕ್ಕೂ ಆಶ್ಚರ್ಯ ಆದದ್ದು ಭುಜ ಎದ್ದದ್ದಲ್ಲ, ಅದು ಎಷ್ಟು ಚಿಕ್ಕದು ಅನ್ನುವುದು. ಪೂರ್ತಿ ಕುಗ್ಗಿದ ಮೇಲೂ 1625ರ ಪಾಲೇ ಜಾಸ್ತಿ. ಅಮೈಡುಗಳಲ್ಲಿ ಬಹುಪಾಲು ಇನ್ನೂ ನೀರಿನ ಕೈ ಬಿಟ್ಟಿಲ್ಲ. ಕುಗ್ಗಿತು ಅಂದ ಮಾತ್ರಕ್ಕೆ ಒಣಗಿತು ಅಂತ ಅಲ್ಲ, ಮುದುಡಿದ ಕಣದೊಳಗೆ ಸಾಕಷ್ಟು ನೀರು ಉಳಿದೇ ಇರುತ್ತದೆ. ಇಂಗಾಲ-ಹೈಡ್ರೋಜನ್ ಬಂಧಗಳ ಪಟ್ಟಿಯೂ ಕೆಲವು ಅಂಕಿ ಕೆಳಗೆ ಸರಿಯಿತು, ಐಸೊಪ್ರೊಪೈಲಿನ ಸುತ್ತಲಿನ ನೀರು ಹೊರಟಿದ್ದರ ಗುರುತು ಅದು. ಅಂದರೆ ಮೊದಲು ಜಾಗ ಖಾಲಿ ಮಾಡುವುದು ಐಸೊಪ್ರೊಪೈಲ್ ಸುತ್ತಲಿನ ನೀರು ಅನ್ನುವ ಮೊದಲಿನ ವಿವರಣೆಗೆ ಇದು ಹೊಂದುತ್ತದೆ.

ನಾಲ್ಕನೆಯದು ಎನ್‌ಎಂಆರ್, ಬಲವಾದ ಅಯಸ್ಕಾಂತದೊಳಗೆ ಹೈಡ್ರೋಜನ್ ಪರಮಾಣುಗಳ ಸಂಕೇತವನ್ನು ಶಿಖರಗಳಾಗಿ ತೋರಿಸುವ ವಿಧಾನ. ದ್ರಾವಣದ ಎನ್‌ಎಂಆರ್ ಚುರುಕಾಗಿ ಅಲ್ಲಾಡುವ ಅಣುಗಳನ್ನು ಮಾತ್ರ ಚೂಪಾಗಿ ತೋರಿಸುತ್ತದೆ. ಉಬ್ಬಿದ ಜೆಲ್ಲಿನಲ್ಲಿ ಮೀಥೈಲ್‌ಗಳ ಶಿಖರ 1.1 ಪಿಪಿಎಂ (ಶಿಖರ ಕೂತ ಜಾಗದ ಅಳತೆ) ಬಳಿ, ಐಸೊಪ್ರೊಪೈಲಿನ ಒಂಟಿ ಹೈಡ್ರೋಜನ್ 3.9ರ ಬಳಿ. ಬಿಸಿಯಾದಂತೆ ಎರಡೂ ತಗ್ಗುತ್ತಾ ಹೋದವು. ಅಣುಗಳು ಎಲ್ಲೂ ಹೋಗಿಲ್ಲ. ಇಕ್ಕಟ್ಟಿನಲ್ಲಿ ಅಲ್ಲಾಡಲಾಗದೆ ಅವುಗಳ ಶಿಖರ ಎಷ್ಟು ಅಗಲವಾಯಿತೆಂದರೆ ತಳದ ಗೆರೆಯಲ್ಲೇ ಕರಗಿಹೋಯಿತು. ಉಳಿದ ಶಿಖರದ ವಿಸ್ತೀರ್ಣದಿಂದ ಇನ್ನೂ ಎಷ್ಟು ಪಾಲು ಸಡಿಲವಾಗಿ ಓಡಾಡುತ್ತಿದೆ ಅಂತ ಲೆಕ್ಕ ಸಿಗುತ್ತದೆ. ಕೆದರಿದ ಅಂಚು ಮತ್ತು ಒತ್ತಾದ ನಡುಭಾಗ ಬೇರೆ ಬೇರೆಯಾಗಿ ನಡೆದುಕೊಳ್ಳುವ ಕಾರಣ ಈ ಗೆರೆ ಡಿಎಲ್‌ಎಸ್ ಗೆರೆಯ ನಕಲು ಆಗುವುದಿಲ್ಲ. ಡಿಎಲ್‌ಎಸ್ ಕಾಣುವುದು ಅತಿ ಹೊರಗಿನ ಎಳೆಗಳ ತುದಿಯನ್ನು, ನೀರನ್ನು ಎಳೆದುಕೊಂಡು ಚಲಿಸುವ ಅಂಚನ್ನು. ಎನ್‌ಎಂಆರ್ ತೂಕ ಎಲ್ಲಿ ಹೆಚ್ಚಿದೆಯೋ ಅಲ್ಲಿಯ ಮಾತು ಹೇಳುತ್ತದೆ.

ಎನ್‌ಎಂಆರ್‌ನಲ್ಲಿ ನನಗೆ ಇಷ್ಟವಾದ ಒಂದು ಅನುಕೂಲ, ಥರ್ಮಾಮೀಟರ್ ಸ್ಯಾಂಪಲ್ಲಿನೊಳಗೇ ಇರುತ್ತದೆ. ಭಾರಜಲದಲ್ಲಿ ಉಳಿದ ಚೂರು ಸಾಮಾನ್ಯ ಹೈಡ್ರೋಜನ್ 4.7ರ ಆಸುಪಾಸಿನಲ್ಲಿ ಒಂದು ಶಿಖರ ಕೊಡುತ್ತದೆ, ಅದು ಡಿಗ್ರಿಗೆ ಸುಮಾರು 0.01 ಪಿಪಿಎಂನಂತೆ ಸರಿಯುತ್ತದೆ. ಪರದೆ ಏನು ಬೇಕಾದರೂ ಹೇಳಲಿ, ಈ ಶಿಖರ ನೋಡಿದರೆ ಟ್ಯೂಬಿನ ಒಳಗಿನ ನಿಜವಾದ ತಾಪ ತಿಳಿಯುತ್ತದೆ.

ಇಷ್ಟೆಲ್ಲ ಒಟ್ಟು ಹಾಕಿಕೊಂಡು ಒಂದೇ ಚಿತ್ರದಲ್ಲಿ ನಾಲ್ಕು ಗೆರೆ ಎಳೆದು ಗೈಡ್ ಮುಂದಿಟ್ಟೆ. ಅವರು ಚಿತ್ರವನ್ನು ಒಂದು ನಿಮಿಷ ನೋಡಿದರು. "ಎರಡು ನೀರಲ್ಲಿ, ಎರಡು ಭಾರಜಲದಲ್ಲಿ. ಹೋಲಿಸೋದು ಹೇಗೆ?"

"ಭಾರಜಲದಲ್ಲಿ ಒಂದು ಡಿಗ್ರಿಯಷ್ಟು ಮೇಲೆ ಬರುತ್ತೆ ಮೇಡಂ. ಅದನ್ನು ಕಳೆದಿದ್ದೀನಿ."

"ಕಳೆಯೋದು ಬೇಡ. ಡಿಎಲ್‌ಎಸ್ಸನ್ನೂ ಭಾರಜಲದಲ್ಲೇ ತೆಗಿ."

ತೆಗೆದೆ. ಭಾರಜಲ ಸಾಮಾನ್ಯ ನೀರಿಗಿಂತ ಮಂದ. 25 ಡಿಗ್ರಿಯಲ್ಲಿ ಸ್ನಿಗ್ಧತೆಗೆ 0.89 ಬದಲು 1.10 ಹಾಕಬೇಕು, ವಕ್ರೀಭವನ ಸೂಚ್ಯಂಕವೂ ಒಂಚೂರು ಕಡಿಮೆ. ಪ್ರತಿ ತಾಪಕ್ಕೂ ಸ್ನಿಗ್ಧತೆಯ ಬೆಲೆಯನ್ನು ಬೇರೆಯಾಗಿ ತುಂಬಬೇಕಾಯಿತು, ಯಾಕೆಂದರೆ ತಂತ್ರಾಂಶ ತಾನಾಗಿ ಹಾಕುವುದು ಸಾಮಾನ್ಯ ನೀರಿನದ್ದನ್ನು. ಉಬ್ಬಿದ ಮತ್ತು ಕುಗ್ಗಿದ ತ್ರಿಜ್ಯಗಳು ಹೆಚ್ಚುಕಡಿಮೆ ಅವೇ ಬಂದವು, ಕುಸಿತ ಮಾತ್ರ ಒಂದು ಡಿಗ್ರಿಯಷ್ಟು ಬಲಕ್ಕೆ ಸರಿದಿತ್ತು.

ಥೀಸಿಸ್ಸಿನ ಪಟ್ಟಿಯಲ್ಲಿ 'ಕುಗ್ಗುವ ತಾಪ' ಅನ್ನುವ ಒಂದೇ ಕಾಲಂ ಇತ್ತು. ಅದನ್ನು ಅಳಿಸಿ ತ್ರಿಜ್ಯ, ಗಾತ್ರ, ಮಬ್ಬು, ಇನ್‌ಫ್ರಾರೆಡ್, ಎನ್‌ಎಂಆರ್ ಅಂತ ಐದು ಮಾಡಿದೆ. ಪ್ರತಿಯೊಂದರ ಕೆಳಗೂ ಯಾವ ನೀರು, ಬಿಸಿ ಮಾಡಿದ್ದು ಎಷ್ಟು ನಿಧಾನ, ನಡುಬಿಂದು ಹೇಗೆ ತೆಗೆದದ್ದು ಅಂತ ಬರೆದೆ. ಪಟ್ಟಿ ಪುಟದಲ್ಲಿ ಹಿಡಿಸದೆ ಅಡ್ಡಕ್ಕೆ ತಿರುಗಿಸಬೇಕಾಯಿತು. ಈಗ ಅದೇ ಬಲೆಗೆ ಅಕ್ರಿಲಿಕ್ ಆಮ್ಲ ಸೇರಿಸಿದ ಬ್ಯಾಚ್ ಡಯಾಲಿಸಿಸ್ ಚೀಲದಲ್ಲಿದೆ. ಅದು ತಾಪಕ್ಕೆ ಮಾತ್ರವಲ್ಲ, ಪಿಎಚ್‌ಗೂ ಉಬ್ಬುತ್ತದೆ, ಹಾಗಾಗಿ ಕಾಲಂಗಳು ಇನ್ನೂ ಹೆಚ್ಚಲಿವೆ.